ಬದುಕಿದ್ದಾರೆ, ಸಹಿ ಹಾಕುವುದಿಲ್ಲ

ನಾನು ಮೂಡಿಗೆರೆಯ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಪಿ.ಟಿ. ಟೀಚರ್ ಆಗಿದ್ದೆ. ಸೀರೆ ಉಟ್ಟು, ಕಾಲಿಗೆ ಬಿಳಿ ಕ್ಯಾನ್ವಾಸ್ ಶೂ ಹಾಕಿ, ಕೊರಳಿಗೆ ವಿಷಲ್ ನೇತುಹಾಕಿಕೊಂಡು ಪೇಟೆಯ ನಡುವೆ ನಡೆದು ಹೋಗುವಾಗ ಅಂಗಡಿಯವರು ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದರು. ಮೊದಮೊದಲು ಶೂ ಚೀಲದಲ್ಲಿಟ್ಟುಕೊಂಡು ಹೋಗಿ ಶಾಲೆಯಲ್ಲಿ ಹಾಕಿಕೊಳ್ಳುತ್ತಿದ್ದೆ. ಒಂದು ದಿನ ಬೇಜಾರು ಬಂತು. ನಗುವವರು ನಗಲಿ ಎಂದು ಮನೆಯಿಂದಲೇ ಹಾಕಿಕೊಂಡು ಹೊರಟೆ. ಮಳೆಗಾಲ ಬರುವಷ್ಟರಲ್ಲಿ ಅವರಿಗೆ ನಗಲು ಬೇರೆ ಏನೋ ಸಿಕ್ಕಿತ್ತು.

ಮನೆಯಲ್ಲಿ ಇದ್ದದ್ದು ನಾನು ಮತ್ತು ನನ್ನ ಮಗಳು. ಗಂಡ ಸಂಸೆಯ ಹತ್ತಿರ ತಮ್ಮ ತೋಟದಲ್ಲಿದ್ದರು. ಅವರನ್ನು ಬಹುವಚನದಲ್ಲಿ ಕರೆಯುವುದು ನನಗೆ ಅಭ್ಯಾಸವಾಗಿ ಹೋಗಿದೆ, ಅದನ್ನು ಗೌರವ ಎಂದು ಯಾರೂ ತಿಳಿಯಬೇಕಾಗಿಲ್ಲ. ಮಗಳಿಗೆ ಐದು ವರ್ಷ ತುಂಬಿದ ಸಮಯದಲ್ಲಿ ಅವರು ಇನ್ನೊಬ್ಬ ಹೆಂಗಸನ್ನು ಮನೆಗೆ ಕರೆತಂದರು. ನಾನು ಕೇಳಿದೆ. ಕೇಳಿದ್ದೇ ತಪ್ಪಾಯಿತು. ಮಾರನೆಯ ಬೆಳಿಗ್ಗೆ ಮಗಳನ್ನು ಕರೆದುಕೊಂಡು ಹಿತ್ತಲಿಗೆ ಹೋಗಿ ಬರುವಷ್ಟರಲ್ಲಿ ನನ್ನ ಟ್ರಂಕು ಜಗಲಿಯ ಮೇಲಿತ್ತು, ಬಾಗಿಲಿಗೆ ಒಳಗಿನಿಂದ ಅಗಳಿ ಬಿದ್ದಿತ್ತು. ನಾನು ಬಾಗಿಲು ಬಡಿಯಲಿಲ್ಲ. ಮಗಳ ಕೈ ಹಿಡಿದುಕೊಂಡು, ಕೂಲಿಯವನೊಬ್ಬನಿಂದ ಟ್ರಂಕು ಹೊರಿಸಿಕೊಂಡು ಜೀಪು ನಿಲ್ಲುವ ಜಾಗಕ್ಕೆ ಇಳಿದು ಬಂದೆ. ಮದುವೆಗೆ ಮುಂಚೆಯೇ ಓದಿದ್ದ ಪಿ.ಟಿ. ತರಬೇತಿ ಆಗ ಅನ್ನ ಕೊಟ್ಟಿತು.

ಕೋರ್ಟು, ಡೈವೋರ್ಸು ಯಾವುದೂ ಆಗಲಿಲ್ಲ. ನಮ್ಮ ಕಡೆ ಇಂಥದಕ್ಕೆಲ್ಲ ಒಂದು ಹೆಸರೂ ಇಲ್ಲ. 'ಟೀಚರು ಅಲ್ಲಿದ್ದಾರೆ, ಅವ್ರು ಇಲ್ಲಿದ್ದಾರೆ' ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಆದರೆ ಅವರ ಮನೆಯವರು ನೆಂಟರಿಷ್ಟರಲ್ಲಿ ಬೇರೆಯೇ ಮಾತು ಹಬ್ಬಿಸಿದ್ದರು. ನಾನು ನೌಕರಿಯ ಆಸೆಗೆ ಗಂಡನ ಮನೆ ಬಿಟ್ಟು ಹೋದವಳು, ಒಬ್ಬಂಟಿಯಾದ ಮೇಲೆ ಅವರು ಇನ್ನೊಬ್ಬಳನ್ನು ತಂದುಕೊಂಡರು ಎಂದು. ಕತೆಯ ಹಿಂದುಮುಂದು ಅದಲುಬದಲು ಮಾಡಿದ್ದರು. ಯಾರ ಮನೆಗೂ ಹೋಗಿ ನಾನು ಅದನ್ನು ತಿದ್ದಲಿಲ್ಲ. ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಮೈದಾನಕ್ಕೆ ಸುಣ್ಣದ ಗೆರೆ ಎಳೆಸಬೇಕಿತ್ತು, ಸಂಜೆ ಥ್ರೋಬಾಲ್ ಆಡಿಸಬೇಕಿತ್ತು. ಪುರುಸೊತ್ತು ಇರಲಿಲ್ಲ.

ಮಗಳು ಮಾತ್ರ ಚೆಂಡಿನ ಆಟಗಳಿಗೆ ಬರಲಿಲ್ಲ. ಅವಳಿಗೆ ಹಿಡಿಸಿದ್ದು ಯೋಗಾಸನ. ಚಿಕ್ಕಮಗಳೂರಿನಿಂದ ಶನಿವಾರ ಶನಿವಾರ ಬರುತ್ತಿದ್ದ ಯೋಗದ ಮೇಷ್ಟ್ರು ಅವಳ ಬೆನ್ನು ಬಾಗುವುದನ್ನು ಮೊದಲ ಸಲ ನೋಡಿದಾಗ ಅಲ್ಲೇ ಕೂತುಬಿಟ್ಟರು. ಹಿಂದಕ್ಕೆ ಬಾಗಿ ತನ್ನ ಹಿಮ್ಮಡಿಯನ್ನು ತಾನೇ ಹಿಡಿದುಕೊಂಡು ಅವಳು ನಗುತ್ತಿದ್ದಳು, ಯಾರೋ ಕಚಗುಳಿ ಇಟ್ಟ ಹಾಗೆ. ಜಿಲ್ಲೆಯಲ್ಲಿ ಗೆದ್ದಳು, ರಾಜ್ಯಮಟ್ಟದಲ್ಲಿ ಆಯ್ಕೆಯಾದಳು. ಹನ್ನೆರಡು ವರ್ಷವಾಗಿದ್ದಾಗ, ಎರಡು ಸಾವಿರದ ಇಸವಿ ದಾಟಿದ ಹೊಸದರಲ್ಲಿ, ಮಲೇಷಿಯಾಕ್ಕೆ ಹೋಗುವ ಮಕ್ಕಳ ತಂಡದಲ್ಲಿ ಅವಳ ಹೆಸರು ಬಂತು. ಏಪ್ರಿಲ್ ರಜೆಯಲ್ಲಿ ಪ್ರಯಾಣ. ಮಕ್ಕಳ ಜೊತೆ ಹೋಗುವವರು ಮೇಷ್ಟ್ರು ಮತ್ತು ಒಬ್ಬ ಮೇಡಂ. ತಂದೆತಾಯಿಗಳಿಗೆ ಜಾಗವಿಲ್ಲ.

ಮೇಷ್ಟ್ರು ಮನೆಗೆ ಬಂದು ವಿವರವೆಲ್ಲ ಹೇಳಿ ಕೊನೆಗೆ ಸ್ವಲ್ಪ ತಡವರಿಸಿದರು.

"ಪಾಸ್‌ಪೋರ್ಟ್ ಆಗ್ಬೇಕು ಮೇಡಂ. ಅದಕ್ಕೆ ತಂದೆತಾಯಿ ಇಬ್ಬರ ಸಹಿ ಬೇಕು. ಆಮೇಲೆ ಮಗೂನ ನಮ್ಮ ಜೊತೆ ಕಳಿಸಕ್ಕೆ ಒಪ್ಪಿಗೆ ಇದೆ ಅಂತ ಒಂದು ಪತ್ರ. ಅದಕ್ಕೂ ಇಬ್ಬರದೂ."

"ಒಬ್ಬರದ್ದು ಈಗಲೇ ಕೊಡ್ತೀನಿ," ಎಂದೆ. ಮೇಷ್ಟ್ರು ನಗಲಿಲ್ಲ.

ವಸ್ತಾರೆಯಲ್ಲಿದ್ದ ನನ್ನ ಅಣ್ಣನಿಗೆ ಫೋನು ಮಾಡಿದೆ. ತಂದೆ ಇಲ್ಲದ ನನಗೆ ಹಿರಿಯನೆಂದರೆ ಅವನೊಬ್ಬನೇ.

"ಹೋಗಿ ಕೇಳು," ಎಂದ. "ಗಂಡಸು ಮಾರಾಯ್ತಿ, ನೀನು ಸ್ವಲ್ಪ ಬಗ್ಗಿದ್ರೆ ಕರಗ್ತಾರೆ."

"ಕೇಳ್ತೀನಿ ಅಣ್ಣ. ಬಗ್ಗೋದು ಮಗಳ ಕೆಲಸ, ನಂದಲ್ಲ."

"ಇದೇ, ನಿನ್ನ ಈ ಮಾತಿಂದಲೇ ಎಲ್ಲ ಆಗಿದ್ದು," ಎಂದು ಫೋನಿಟ್ಟ.

ಜನವರಿಯ ಒಂದು ಭಾನುವಾರ ಮಗಳನ್ನು ಎದುರುಮನೆಯಲ್ಲಿ ಬಿಟ್ಟು ಹೊರಟೆ. ಎದುರುಮನೆಯೆಂದರೆ ಜೀಪು ರಿಪೇರಿಯ ಗ್ಯಾರೇಜು, ಅದರ ಹಿಂದೆಯೇ ಮೆಕ್ಯಾನಿಕ್ ಸಾಹೇಬರ ಸಂಸಾರ. ಅವರ ಹೆಂಡತಿ ನನಗಿಂತ ದೊಡ್ಡವರು, ನಾನು ಅವರನ್ನು ಆಪಾ ಎನ್ನುತ್ತಿದ್ದೆ. ಶಾಲೆ ಬಿಟ್ಟ ಮೇಲೆ ನಾನು ಬರುವವರೆಗೆ ಮಗಳು ಬೆಳೆದದ್ದೇ ಅವರ ಅಡುಗೆಮನೆಯಲ್ಲಿ. ಕೊಟ್ಟಿಗೆಹಾರ ದಾಟಿ ಕಳಸಕ್ಕೆ ಬಸ್ಸು, ಅಲ್ಲಿಂದ ಸಂಸೆಗೆ ಜೀಪು. ಟ್ರಂಕು ಇಳಿಸಿಕೊಂಡು ಬಂದ ಮೇಲೆ ಆ ದಾರಿಯಲ್ಲಿ ನಾನು ಹೋದದ್ದು ಅದೇ ಮೊದಲು.

ಕೊಯ್ಲಿನ ಸಮಯ. ಕಣದ ತುಂಬ ಕಾಫಿ ಹರವಿತ್ತು. ಅವರು ಕಣದ ಅಂಚಿನಲ್ಲಿ ಕುರ್ಚಿ ಹಾಕಿಕೊಂಡು ಹಣ್ಣು ತಿರುವುತ್ತಿದ್ದ ಆಳುಗಳನ್ನು ನೋಡುತ್ತಿದ್ದರು. ಕೂದಲು ಹಣ್ಣಾಗಿತ್ತು. ನನ್ನನ್ನು ಕಂಡು ಎದ್ದರು, ಎದ್ದದ್ದು ಹೆಚ್ಚಾಯಿತೇನೋ ಎಂಬಂತೆ ತಿರುಗಿ ಕೂತರು. ಆ ಹೆಂಗಸು ಒಳಗಿನಿಂದ ನನಗೊಂದು ಸ್ಟೂಲು ತಂದಿಟ್ಟು, ಕಾಫಿ ತಂದು ಕೊಟ್ಟು, ಬಾಗಿಲ ಹತ್ತಿರ ನಿಂತಳು. ಅವಳ ಮೇಲೆ ನನಗೆ ಸಿಟ್ಟು ಬರಬಹುದು ಎಂದುಕೊಂಡಿದ್ದೆ. ಬರಲಿಲ್ಲ. ಕಾಫಿ ಚೆನ್ನಾಗಿತ್ತು, ಕುಡಿದೆ.

ವಿಷಯ ಹೇಳಿದೆ. ಮಗಳ ಫೋಟೊ ತೋರಿಸಿದೆ. ಅದನ್ನು ಅವರು ಬಹಳ ಹೊತ್ತು ಹಿಡಿದುಕೊಂಡಿದ್ದರು.

"ಮಲೇಷಿಯಾ?" ಎಂದರು. "ಹೆಣ್ಣುಹುಡುಗಿ. ಅಷ್ಟು ಜನದ ಎದುರು ಬಿಗಿ ಬಟ್ಟೆ ಹಾಕ್ಕೊಂಡು ಬಗ್ಗೋದು, ಏಳೋದು. ಈ ಸೀಮೇಲಿ ನಂಗೊಂದು ಹೆಸರಿದೆ ಮಾರಾಯ್ತಿ."

"ನಿಮ್ಮ ಹೆಸರು ಇಲ್ಲೇ ಇರ್ತದೆ. ಹೋಗೋದು ಅವಳು ಮಾತ್ರ."

ಆಳುಗಳು ಕೇಳಿಸಿಕೊಂಡರೇನೋ ಎಂದು ಅವರು ಆ ಕಡೆ ನೋಡಿದರು. ಆಮೇಲೆ ದನಿ ತಗ್ಗಿಸಿದರು.

"ಹಾಕ್ತೀನಿ. ಸಹಿ ಹಾಕಕ್ಕೆ ನಂಗೆಂತ ಕಷ್ಟ? ಆದ್ರೆ ಒಂದು ಮಾತು. ಬರೋ ತಿಂಗಳು ಅಮ್ಮನ ತಿಥಿ. ತಂಗಿ, ಭಾವ, ನೆಂಟರು ಎಲ್ಲ ಬರ್ತಾರೆ. ನೀನೂ ಬಾ. ಬಂದು ಎಲ್ಲರ ಎದುರು ಒಂದು ಮಾತು ಹೇಳು. ನಾನಾಗೇ ಮನೆ ಬಿಟ್ಟು ಹೋದೆ, ಇವ್ರದ್ದು ಎಂತದೂ ತಪ್ಪಿಲ್ಲ ಅಂತ. ಅಲ್ಲೇ ಕೂತು ಸಹಿ ಹಾಕಿಕೊಡ್ತೀನಿ."

ತಂಗಿಯ ಮಗಳಿಗೆ ಗಂಡು ನೋಡುತ್ತಿದ್ದರಂತೆ. ಸಂಬಂಧ ಬಂದಲ್ಲೆಲ್ಲ ಇವರ ಸಂಸಾರದ ಮಾತು ಎದ್ದು, ಬಂದವರು ಹಿಂದೆ ಸರಿಯುತ್ತಿದ್ದರಂತೆ. ಅವರ ಕಡೆಯವರು ಹಬ್ಬಿಸಿದ ಕತೆಯನ್ನು ಪೂರ್ತಿ ನಂಬಿದವರು ಕಡಿಮೆ ಎಂದು ಆಗ ನನಗೆ ತಿಳಿಯಿತು. ಅದಕ್ಕೆ ನನ್ನ ಬಾಯಿಯ ಮೊಹರು ಬೇಕಾಗಿತ್ತು.

"ಟ್ರಂಕು ಜಗಲೀಲಿ ಇಟ್ಟೋರು ಯಾರು?" ಎಂದೆ.

"ಅದೆಲ್ಲ ಹಳೇ ಕತೆ. ಅದನ್ನ ಯಾಕೆ ತೆಗೀತೀಯ?"

"ಹಳೇ ಕತೆ ಹೇಳಕ್ಕೆ ತಾನೆ ನೀವು ಕರೀತಿರೋದು? ಹೇಳೋದಾದ್ರೆ ಇದ್ದ ಹಾಗೇ ಹೇಳ್ತೀನಿ. ನಡೀತದಾ?"

ಅವರು ಫೋಟೊವನ್ನು ನನ್ನ ಕಡೆ ಚಾಚಿದರು. "ಹಾಗಾದ್ರೆ ಮಲೇಷಿಯಾನೂ ಇಲ್ಲ, ಗಿಲೇಷಿಯಾನೂ ಇಲ್ಲ. ಅವಳಪ್ಪ ನಾನು. ನಾನು ಹೂಂ ಅನ್ನದೆ ಅವಳು ಈ ದೇಶದ ಗಡಿ ದಾಟಲ್ಲ. ನೋಡೇ ಬಿಡಣ."

"ನೋಡಣ," ಎಂದು ನಾನೂ ಎದ್ದೆ.

ಗೇಟಿನವರೆಗೆ ಆ ಹೆಂಗಸು ಹಿಂದೆಯೇ ಬಂದಳು. "ಅಕ್ಕಾ, ಆ ಫೋಟೊ ಕೊಟ್ಟು ಹೋಗ್ತೀರಾ? ದಿನಾ ನೋಡ್ತಾ ಇದ್ರೆ ಮನಸ್ಸು ಬದಲಾದ್ರೂ ಆಗಬಹುದು," ಎಂದಳು. ಕೊಡಲಿಲ್ಲ. ದಿನಾ ನೋಡುವ ಅವಕಾಶ ಅವರಿಗೆ ಇದ್ದೇ ಇತ್ತಲ್ಲ. ಆದರೂ ಅವಳು ಕೇಳಿದಳು ಎಂಬುದನ್ನು ನಾನು ಮರೆತಿಲ್ಲ.

ಮನೆಗೆ ಬಂದಾಗ ಮಗಳು ಗ್ಯಾರೇಜಿನ ಮುಂದೆ ಹಳೆಯ ಟೈರಿನ ಮೇಲೆ ಕೂತು ಕಾಯುತ್ತಿದ್ದಳು. ನನ್ನ ಮುಖ ನೋಡಿಯೇ ಅವಳಿಗೆ ಗೊತ್ತಾಯಿತು. ಅಲ್ಲಿಯವರೆಗೂ ನಾನು ಅವಳಿಗೆ ಅಪ್ಪನ ವಿಷಯ ಬಿಡಿಸಿ ಹೇಳಿರಲಿಲ್ಲ. ಮೂಡಿಗೆರೆಗೆ ಬಂದದ್ದು ಶಾಲೆಗಾಗಿ ಎಂದೇ ಅವಳು ತಿಳಿದಿದ್ದಳು. ಅಪ್ಪ ಕೇಳಿದ್ದು ಏನೆಂದು ಹೇಳಿದೆ.

"ಒಂದೇ ಒಂದು ಮಾತು ತಾನೆ ಅಮ್ಮ?" ಎಂದಳು. "ಹೇಳಿಬಿಡು. ಹೇಳಿ ಬಂದ್ಬಿಡು."

ಅವಳ ಮೇಲೆ ಸಿಟ್ಟು ಮಾಡಲು ನನಗೆ ಆಗಲಿಲ್ಲ. ಹನ್ನೆರಡು ವರ್ಷದವಳಿಗೆ ಅದು ಒಂದು ಮಾತೇ. ಒಳಗೆ ಕರೆದುಕೊಂಡು ಹೋಗಿ ಕೂರಿಸಿ, ಆ ಬೆಳಿಗ್ಗೆ ನಡೆದದ್ದನ್ನು ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ ಎಂಬಂತೆ ಹೇಳಿದೆ. ಅವಳಿಗೆ ಇಬ್ಬನಿ ನೆನಪಿತ್ತು. ಜೀಪಿನಲ್ಲಿ ಕುರಿಯೊಂದು ಇದ್ದದ್ದು ನೆನಪಿತ್ತು. ಉಳಿದದ್ದು ನೆನಪಿರಲಿಲ್ಲ.

"ಆ ಟ್ರಂಕು ನಮ್ಮ ಮಂಚದ ಕೆಳಗೆ ಇರೋದಾ?"

"ಅದೇ."

ಅವಳು ಎದ್ದು ಹೋಗಿ ಅದನ್ನು ಎಳೆದು ನೋಡಿದಳು. ಒಳಗೆ ಚಳಿಗಾಲದ ಕಂಬಳಿಗಳಿದ್ದವು ಅಷ್ಟೆ. ಮುಚ್ಚಳ ಹಾಕಿ ಅದರ ಮೇಲೆ ಕೂತಳು. "ಹೇಳ್ಬೇಡ," ಎಂದಳು.

ಮಾರನೆಯ ವಾರ ಚಿಕ್ಕಮಗಳೂರಿನಲ್ಲಿ ಒಬ್ಬ ವಕೀಲರನ್ನು ಕಂಡೆ. ನನ್ನ ಹಳೆಯ ವಿದ್ಯಾರ್ಥಿನಿಯ ಗಂಡ ಅವರು. ಕಾನೂನಿನಲ್ಲಿ ದಾರಿ ಇದೆ ಎಂದರು. ಒಬ್ಬರ ಒಪ್ಪಿಗೆ ಸಿಗದಿದ್ದರೆ, ಯಾಕೆ ಸಿಗಲಿಲ್ಲ ಎಂದು ಕಾರಣ ಬರೆದು, ಮಗುವನ್ನು ಸಾಕುತ್ತಿರುವ ಇನ್ನೊಬ್ಬರು ಪ್ರಮಾಣಪತ್ರ ಮಾಡಿಕೊಡಬಹುದು. ಅದನ್ನು ಒಪ್ಪುವುದು ಬಿಡುವುದು ಅಧಿಕಾರಿಗಳ ಕೈಯಲ್ಲಿ. ಅಷ್ಟು ಸಾಕಾಗಿತ್ತು ನನಗೆ. ಮೂಡಿಗೆರೆಗೆ ಬಂದು ಛಾಪಾ ಕಾಗದ ತೆಗೆದುಕೊಂಡು ಟೈಪಿಸ್ಟನ ಎದುರು ಕೂತೆ.

ಟೈಪಿಸ್ಟ್ ಒಳ್ಳೆಯ ಮನುಷ್ಯ, ಎಲ್ಲರ ಕಷ್ಟಕ್ಕೂ ಒಂದೊಂದು ವಾಕ್ಯ ಸಿದ್ಧ ಇಟ್ಟುಕೊಂಡಿದ್ದವನು. ನಾನು ಹೇಳಿದ್ದನ್ನು ಪೂರ್ತಿ ಕೇಳಿ, ತಲೆ ಅಲ್ಲಾಡಿಸಿದ.

"ಹೀಗೆಲ್ಲ ಬರೆದ್ರೆ ಕೆಲಸ ಆಗಲ್ಲ ಮೇಡಂ. ಕಾಣೆಯಾಗಿದ್ದಾರೆ, ವಿಳಾಸ ಗೊತ್ತಿಲ್ಲ ಅಂತ ಹಾಕಣ. ಎಲ್ಲರೂ ಹಂಗೇ ಮಾಡದು. ಯಾರೂ ಹುಡುಕ್ಕೊಂಡು ಬರಲ್ಲ."

"ಕಾಣೆಯಾಗಿಲ್ಲ ಮಾರಾಯ. ಕಣದ ಹತ್ರ ಕುರ್ಚಿ ಹಾಕ್ಕೊಂಡು ಕೂತಿದ್ದಾರೆ. ಹೋದ ವಾರ ಮಾತಾಡಿಸ್ಕೊಂಡು ಬಂದೆ."

"ಅದು ನಿಮಗೆ ಗೊತ್ತು ಮೇಡಂ. ಬೆಂಗಳೂರಿನವರಿಗೆ ಗೊತ್ತಾ?"

"ನಂಗೆ ಗೊತ್ತಲ್ಲ. ಪ್ರಮಾಣ ಮಾಡೋಳು ನಾನು. ಹೇಳಿದ್ದು ಹೊಡಿ."

ಅವನು ಹೊಡೆದ. ಮಗುವಿನ ತಂದೆ ಬದುಕಿದ್ದಾರೆ, ಅವರ ವಿಳಾಸ ಹೀಗಿದೆ, ನಾನೇ ಹೋಗಿ ಒಪ್ಪಿಗೆ ಕೇಳಿದ್ದೇನೆ, ಸಹಿ ಹಾಕುವುದಿಲ್ಲ ಎಂದಿದ್ದಾರೆ. ಐದನೆಯ ವಯಸ್ಸಿನಿಂದ ಮಗು ನನ್ನೊಬ್ಬಳ ಪೋಷಣೆಯಲ್ಲಿದೆ, ಅವಳನ್ನು ವಿದೇಶಕ್ಕೆ ಕಳಿಸಲು ನನಗೆ ಒಪ್ಪಿಗೆ ಇದೆ. ಓದಿ ನೋಡಿದೆ. ಅಷ್ಟು ವರ್ಷ ಯಾರಿಗೂ ಹೇಳದೆ ಇದ್ದದ್ದು ನಾಲ್ಕು ಸಾಲಿನಲ್ಲಿ ಮುಗಿದಿತ್ತು. ಕೆಳಗೆ ನನ್ನ ಸಹಿ ಹಾಕಿದೆ.

ಬೆಂಗಳೂರಿಗೆ ಮಗಳನ್ನೂ ಕರೆದುಕೊಂಡು ಹೋದೆ. ಪಾಸ್‌ಪೋರ್ಟ್ ಆಫೀಸಿನ ಸಾಲಿನಲ್ಲಿ ನಿಂತು ನಿಂತು ಅವಳು ಒಂದು ಕಾಲೆತ್ತಿ ವೃಕ್ಷಾಸನ ಮಾಡತೊಡಗಿದಳು, ಹಿಂದಿದ್ದವರು ನಕ್ಕರು. ಕೌಂಟರಿನಲ್ಲಿದ್ದವರು ಅರ್ಜಿ ತಿರುವಿ, "ತಂದೆ ಸಹಿ ಎಲ್ಲಿ?" ಎಂದರು. ಪ್ರಮಾಣಪತ್ರ ಮುಂದಿಟ್ಟೆ. ಅವರು ಓದಿ, ನನ್ನನ್ನು ನೋಡಿ, ಒಳಗಿದ್ದ ಅಧಿಕಾರಿಯ ಹತ್ತಿರ ಕಳಿಸಿದರು.

ಅಧಿಕಾರಿ ವಯಸ್ಸಾದವರು, ನಿಧಾನಸ್ಥರು. ಎರಡು ಸಲ ಓದಿದರು.

"ಸಾಮಾನ್ಯವಾಗಿ ಎಲ್ಲರೂ ಎಲ್ಲಿದ್ದಾರೋ ಗೊತ್ತಿಲ್ಲ ಅಂತ ಬರೀತಾರಮ್ಮ. ನೀವು ವಿಳಾಸ ಸಮೇತ ಕೊಟ್ಟಿದ್ದೀರಿ."

"ಗೊತ್ತಿರೋದಕ್ಕೆ ಕೊಟ್ಟಿದ್ದೀನಿ ಸಾರ್."

"ಕೊಟ್ಟ ಮೇಲೆ ನಾವು ಅವರನ್ನೂ ವಿಚಾರಿಸಬೇಕಾಗುತ್ತೆ. ಪೊಲೀಸ್ ರಿಪೋರ್ಟ್ ಬರಬೇಕು. ತಡ ಆಗುತ್ತೆ. ನಿಮ್ಮ ಪ್ರಯಾಣ ಏಪ್ರಿಲ್ ಅಂತಿದೆ."

"ವಿಚಾರಿಸಿ. ನಾನು ಬರೆದಿದ್ದೇ ಅವರ ಬಾಯಲ್ಲೂ ಬರ್ತದೆ."

ಮಗಳು ನನ್ನ ಸೆರಗು ಹಿಡಿದು ಜಗ್ಗಿದಳು. ತಡ ಎಂಬ ಮಾತು ಅವಳಿಗೆ ಕೇಳಿಸಿತ್ತು. ಅಧಿಕಾರಿ ಅರ್ಜಿಯನ್ನು ತಿರಸ್ಕರಿಸಲಿಲ್ಲ, ಅದರ ಮೇಲೆ ಏನೋ ಬರೆದು ಇಟ್ಟುಕೊಂಡರು. ಹೊರಗೆ ಬಂದು ಇಬ್ಬರೂ ಮಸಾಲೆದೋಸೆ ತಿಂದೆವು. ಅವಳು ಅರ್ಧ ಬಿಟ್ಟಳು.

ಮಾರ್ಚಿನಲ್ಲಿ, ಕಾಫಿ ಹೂವಾದ ವಾರ, ಸಂಜೆ ಮನೆಯ ಬಾಗಿಲಿಗೆ ಒಬ್ಬ ಕಾನ್ಸ್‌ಟೇಬಲ್ ಬಂದ.

"ಯಜಮಾನ್ರು ಇದ್ದಾರಾ?"

"ಇದ್ದೀನಿ, ಹೇಳಿ."

ಅವನು ನನ್ನ ಹಿಂದೆ ಒಳಗೆ ಇಣುಕಿ ನೋಡಿ, ಆಮೇಲೆ ಅರ್ಥ ಮಾಡಿಕೊಂಡು ಟೋಪಿ ತೆಗೆದ. ಸಂಸೆಯಿಂದ ತಕರಾರು ಬಂದಿದೆ ಎಂದ. ತಮ್ಮಿಂದ ಮಗಳನ್ನು ಶಾಶ್ವತವಾಗಿ ದೂರ ಮಾಡಲು ಹೆಂಡತಿ ಅವಳನ್ನು ಪರದೇಶಕ್ಕೆ ಸಾಗಿಸುತ್ತಿದ್ದಾಳೆ, ತಡೆಯಬೇಕು ಎಂದು ಗಂಡ ಬರೆದುಕೊಟ್ಟಿದ್ದಾರೆ. ಸಬ್‌ಇನ್ಸ್‌ಪೆಕ್ಟರ್ ಇಬ್ಬರನ್ನೂ ಕೂರಿಸಿ ಮಾತಾಡುತ್ತಾರಂತೆ, ಮಗುವನ್ನೂ ಕರೆತರಬೇಕಂತೆ.

ಅಣ್ಣನನ್ನು ಜೊತೆಗೆ ಕರೆದೆ. "ಸ್ಟೇಷನ್ ಮೆಟ್ಟಲು ಹತ್ತೋದು ನಮ್ಮ ಮನೆತನದಲ್ಲೇ ಇಲ್ಲ," ಎಂದ. ನಾನೂ ಅದೇ ಮನೆತನದವಳು ಎಂದು ನೆನಪಿಸಿದೆ. ಬರಲಿಲ್ಲ. ಬಂದವರು ಎದುರುಮನೆಯ ಆಪಾ. "ಒಬ್ರೇ ಹೋಗ್ಬೇಡಿ ಟೀಚರೇ. ನಾನು ಮಾತಾಡಲ್ಲ, ಸುಮ್ನೆ ಪಕ್ಕದಲ್ಲಿ ಕೂತಿರ್ತೀನಿ," ಎಂದು ಬುರ್ಖಾ ಹಾಕಿಕೊಂಡು ಹೊರಟರು. ಹೇಳಿದ ಹಾಗೆಯೇ ಕೊನೆಯವರೆಗೂ ಬಾಯಿ ಬಿಡದೆ ನನ್ನ ಪಕ್ಕದಲ್ಲಿ ಕೂತಿದ್ದರು. ಆ ಕೂತಿದ್ದಕ್ಕೆ ನಾನು ಇವತ್ತಿಗೂ ಋಣಿ.

ಗಂಡ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬಂದಿದ್ದರು. ಜೊತೆಗೆ ತಂಗಿಯ ಗಂಡ, ಇನ್ನಿಬ್ಬರು ನೆಂಟರು. ಸಬ್‌ಇನ್ಸ್‌ಪೆಕ್ಟರ್ ಚಿಕ್ಕ ವಯಸ್ಸಿನವರು, ಬೇಗ ಮುಗಿಸುವ ಆಸೆಯವರು.

"ಇಷ್ಟು ಸಣ್ಣ ವಿಷಯ," ಎಂದರು. "ಮೇಡಂ, ನೀವು ಓದಿದೋರು. ಯಾರಾದ್ರೂ ಒಬ್ಬರು ಸೋಲ್ಬೇಕು ತಾನೆ? ನೀವೇ ಸೋತುಬಿಡಿ. ಅವರು ಎಂತ ಕೇಳ್ತಾರೋ ಅದಕ್ಕೆ ಹೂಂ ಅನ್ನಿ. ಸಹಿ ಹಾಕ್ತಾರೆ."

"ಅವರು ಎಂತ ಕೇಳಿದ್ದಾರೆ ಅಂತ ನಿಮಗೆ ಗೊತ್ತಾ ಸಾರ್?"

"ಮಗಳು ಕೈತಪ್ಪಿ ಹೋಗ್ತಾಳೆ ಅನ್ನೋ ಹೆದರಿಕೆ ಅವರಿಗೆ. ತಂದೆ ಅಲ್ವಾ?"

ನಾನು ಬಾಯಿ ತೆರೆಯುವ ಮುಂಚೆ ಸಬ್‌ಇನ್ಸ್‌ಪೆಕ್ಟರ್ ಮಗಳ ಕಡೆ ತಿರುಗಿದರು. ಅವಳು ಶಾಲೆಯ ಯೂನಿಫಾರ್ಮಿನಲ್ಲೇ ಇದ್ದಳು, ಬೆಂಚಿನ ತುದಿಯಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದಳು.

"ನಿಂಗೆ ಹೋಗ್ಬೇಕಾ ಪುಟ್ಟಿ?"

"ಹೂಂ."

"ಅಪ್ಪ ಬೇಡ ಅಂತಾರಲ್ಲ."

"ಅಪ್ಪ ನನ್ನ ಹತ್ರ ಬೇಡ ಅಂತ ಹೇಳಿಲ್ಲ. ನನ್ನ ಹತ್ರ ಮಾತಾಡೇ ಇಲ್ಲ. ಅಮ್ಮನ ಹತ್ರ ಬೇರೆ ಎಂತದೋ ಕೇಳಿದ್ರು."

"ಎಂತ ಕೇಳಿದ್ರು?"

"ಅಮ್ಮ ತಾನಾಗೇ ಮನೆ ಬಿಟ್ಟು ಹೋಗಿದ್ದು ಅಂತ ಎಲ್ಲರ ಎದುರು ಹೇಳಿದ್ರೆ ಸಹಿ ಹಾಕ್ತೀನಿ ಅಂದ್ರಂತೆ. ಅಮ್ಮ ಬಿಟ್ಟು ಹೋಗಿಲ್ಲ. ಇವ್ರೇ ಅಗಳಿ ಹಾಕ್ಕೊಂಡಿದ್ದು." ಇಷ್ಟು ಹೇಳಿ ಅವಳು ಸ್ವಲ್ಪ ಉಸಿರು ತೆಗೆದುಕೊಂಡಳು. "ಆ ಸುಳ್ಳು ಹೇಳಿ ನಂಗೆ ಹೋಗೋದು ಬೇಡ. ಸುಳ್ಳು ಹೇಳ್ದೆ ಹೋಗ್ಬೇಕು."

ಮೊದಲು ಕೇಳಿಸಿದ್ದು ತಂಗಿಯ ಗಂಡನ ದನಿ. ಅಷ್ಟು ವರ್ಷ ನನ್ನನ್ನು ಮನೆಬಿಟ್ಟವಳು ಎಂದು ಊರೂರಲ್ಲಿ ಹೇಳಿಕೊಂಡು ಬಂದ ಮನುಷ್ಯ.

"ಹೌದೇನೋ?" ಎಂದು ಅವರನ್ನೇ ಕೇಳಿದ. "ಅಗಳಿ ಹಾಕಿದ್ದು ಹೌದಾ?"

ಅವರು ಅಂಗಿಯ ತೋಳು ಸರಿಮಾಡಿಕೊಂಡರು. "ನಂಗೂ ಇದಕ್ಕೂ ಸಂಬಂಧ ಇಲ್ಲ, ಏನು ಬೇಕಾದ್ರೂ ಮಾಡ್ಕಳಿ," ಎಂದು ಎದ್ದರು. ಬಾಗಿಲ ಹತ್ತಿರ ಮಗಳ ಮುಂದೆ ಒಂದು ಕ್ಷಣ ನಿಂತರು. ತಲೆ ಮುಟ್ಟುವವರಂತೆ ಕೈ ಎತ್ತಿದರು. ಅವಳು ಹಿಂದೆ ಸರಿಯಲಿಲ್ಲ, ಮುಂದೆಯೂ ಬರಲಿಲ್ಲ. ಕೈ ಹಾಗೆಯೇ ಕೆಳಗಿಳಿಯಿತು. ಅವರು ಹೊರಟುಹೋದರು. ನೆಂಟರ ನಡುವೆ ನನ್ನಿಂದ ಹೇಳಿಸಬೇಕೆಂದಿದ್ದ ಮಾತಿಗೆ ಬದಲು ಇನ್ನೊಂದು ಮಾತು ಅದೇ ನೆಂಟರ ನಡುವೆ ಬಂದು ಬಿದ್ದಿತ್ತು. ಅದನ್ನು ನಾನು ಅವಳಿಗೆ ಹೇಳಿಕೊಟ್ಟಿರಲಿಲ್ಲ. ನಾನೇ ಹೇಳಿಕೊಟ್ಟದ್ದು ಎಂದು ಈಗಲೂ ನಂಬುವವರಿದ್ದಾರೆ, ನಂಬಿಕೊಳ್ಳಲಿ.

ಸಬ್‌ಇನ್ಸ್‌ಪೆಕ್ಟರ್ ರಿಪೋರ್ಟ್ ಬರೆದರು. ನಾವು ಹೊರಡುವಾಗ ನನ್ನ ಕಡೆ ನೋಡಿ, "ಸೋತುಬಿಡಿ ಅಂದಿದ್ದಕ್ಕೆ ಬೇಜಾರು ಮಾಡ್ಕೋಬೇಡಿ ಮೇಡಂ," ಎಂದರು.

ಎಲ್ಲ ಸುಸೂತ್ರವಾಯಿತು ಎಂದು ಬರೆದರೆ ಓದುವವರಿಗೆ ಖುಷಿಯಾಗಬಹುದು. ಆಗಲಿಲ್ಲ. ರಿಪೋರ್ಟು ಹೋಗಿ, ಕಡತ ಮೇಜಿನಿಂದ ಮೇಜಿಗೆ ಸರಿದು, ಪಾಸ್‌ಪೋರ್ಟು ಬರುವಷ್ಟರಲ್ಲಿ ಏಪ್ರಿಲ್ ಮುಗಿದಿತ್ತು. ತಂಡ ಅವಳನ್ನು ಬಿಟ್ಟು ಹೋಯಿತು. ಅವಳ ಜಾಗದಲ್ಲಿ ಬೇರೆ ಊರಿನ ಹುಡುಗಿಯೊಬ್ಬಳು ಹೋದಳು. ಮೇಷ್ಟ್ರು ಫೋನಿನಲ್ಲಿ ಅದನ್ನು ಹೇಳಿದ ದಿನ ಮಗಳು ತನ್ನ ಯೋಗದ ಚಾಪೆಯನ್ನು ಸುತ್ತಿ ಕಪಾಟಿನ ಹಿಂದೆ ತುರುಕಿದಳು.

"ನೀನು ಕಾಣೆಯಾಗಿದ್ದಾರೆ ಅಂತ ಬರೀಬಹುದಿತ್ತು," ಎಂದಳು.

"ಬರೀಬಹುದಿತ್ತು."

"ಬರೆದಿದ್ರೆ ನಾನು ಇವತ್ತು ವಿಮಾನದಲ್ಲಿ ಇರ್ತಿದ್ದೆ."

"ಇರ್ತಿದ್ದೆ."

"ಮತ್ತೆ ಯಾಕೆ ಬರೀಲಿಲ್ಲ?"

ನಾನು ಅವಳಿಗೆ ಅವಳದೇ ಮಾತನ್ನು ನೆನಪಿಸಬಹುದಿತ್ತು. ನೆನಪಿಸಲಿಲ್ಲ. ಸ್ಟೇಷನ್ನಿನಲ್ಲಿ ಮಾತಾಡಿದವಳೂ ಅವಳೇ, ಈಗ ಅಳುತ್ತಿದ್ದವಳೂ ಅವಳೇ. ಎರಡಕ್ಕೂ ಅವಳಿಗೆ ಹಕ್ಕಿತ್ತು. "ಹಾಗೆ ಬರೆದ್ಮೇಲೆ ನಾಳೆ ಕಳಸದ ಪೇಟೇಲಿ ನಿಮ್ಮಪ್ಪ ಎದುರಿಗೆ ಸಿಕ್ಕಿದ್ರೆ ನಾವು ಯಾರನ್ನ ಮಾತಾಡಿಸ್ಬೇಕಿತ್ತು?" ಎಂದೆ. ಅವಳು ಮುಖ ತಿರುಗಿಸಿಕೊಂಡಳು. ಆ ಬೇಸಗೆಯೆಲ್ಲ ನನ್ನೊಂದಿಗೆ ಅಷ್ಟಕ್ಕಷ್ಟೇ. ಊಟ ಎದುರುಮನೆಯಲ್ಲಿ, ನನಗೆ ಹೂಂ ಉಹೂಂ ಮಾತ್ರ. ಅಣ್ಣ ಬಂದು, ನಿನ್ನ ಹಠಕ್ಕೆ ಹುಡುಗಿಯ ಭವಿಷ್ಯ ಬಲಿ ಕೊಟ್ಟೆ ಎಂದು ಬಯ್ದು ಹೋದ. ನನಗೆ ನೋವಾಗಲಿಲ್ಲ ಎಂದಲ್ಲ. ರಜೆಯಲ್ಲಿ ಖಾಲಿ ಮೈದಾನಕ್ಕೆ ಹೋಗಿ ಸುಮ್ಮನೆ ಸುತ್ತು ಹಾಕಿ ಬರುತ್ತಿದ್ದೆ. ಆದರೆ ತಪ್ಪು ಮಾಡಿದೆ ಎಂದು ಒಂದು ದಿನವೂ ಅನಿಸಲಿಲ್ಲ, ಈಗಲೂ ಅನಿಸುವುದಿಲ್ಲ. ಬದುಕಿರುವ ಮನುಷ್ಯನನ್ನು ಕಾಣೆ ಮಾಡಿ ಅವರಿಗೆ ಅನುಕೂಲ ಮಾಡಿಕೊಡಲು ನಾನು ಯಾರು? ಅವರು ಇದ್ದಾರೆ, ಕೇಳಿದೆ, ಇಲ್ಲ ಎಂದರು. ಆ ಇಲ್ಲ ಎಂಬುದು ಅವರ ಹೆಸರಿನಲ್ಲೇ ಉಳಿಯಬೇಕಿತ್ತು.

ಮೇ ತಿಂಗಳಲ್ಲಿ ಪೋಸ್ಟ್‌ಮ್ಯಾನ್ ಪಾಸ್‌ಪೋರ್ಟು ತಂದುಕೊಟ್ಟ. ಅವಳು ಮೊದಲು ಮುಟ್ಟಲೂ ಇಲ್ಲ. ಸಂಜೆ ನಾನು ಅಡುಗೆಮನೆಯಲ್ಲಿದ್ದಾಗ ತೆಗೆದು ನೋಡಿದಳು. ಫೋಟೊದಲ್ಲಿ ತನ್ನ ಕಿವಿ ಆನೆಯ ಕಿವಿಯಂತೆ ಬಂದಿದೆ ಎಂದು ಗೊಣಗಿದಳು. ಬಹಳ ದಿನಗಳ ಮೇಲೆ ಅವಳು ನನಗೆ ಹೇಳಿದ ಇಡೀ ವಾಕ್ಯ ಅದು.

"ಕೊನೇ ಪುಟದಲ್ಲಿ ಅಪ್ಪನ ಹೆಸರೂ ಇದೆ," ಎಂದಳು.

"ಇರಲಿ. ಅಪ್ಪ ಅನ್ನೋದು ನಿಜ ತಾನೆ?"

ಜೂನಿನಲ್ಲಿ ಶಾಲೆ ಶುರುವಾದ ಮೇಲೆ ಚಾಪೆ ತಾನಾಗಿಯೇ ಕಪಾಟಿನ ಹಿಂದಿನಿಂದ ಹೊರಗೆ ಬಂತು. ನಾನು ನೋಡಿಯೂ ನೋಡದವಳಂತೆ ಇದ್ದೆ.

ಮುಂದಿನ ವರ್ಷ ಶ್ರೀಲಂಕಾದ ಸ್ಪರ್ಧೆಗೆ ಆಯ್ಕೆಯಾದಳು. ಒಪ್ಪಿಗೆ ಪತ್ರದಲ್ಲಿ ಈ ಸಲವೂ ಎರಡು ಸಹಿಗಳಿಗೆ ಜಾಗವಿತ್ತು. ಮೇಷ್ಟ್ರು ಪತ್ರ ನನ್ನ ಮುಂದಿಟ್ಟರು. ತಾಯಿ ಎಂದಿದ್ದಲ್ಲಿ ಸಹಿ ಹಾಕಿದೆ. ತಂದೆ ಎಂದಿದ್ದಲ್ಲಿ ಒಂದು ಗೆರೆ ಎಳೆದು, ಪಕ್ಕದಲ್ಲಿ ಕಾರಣವನ್ನು ಒಂದೇ ಸಾಲಿನಲ್ಲಿ ಬರೆದು ನೋಟರಿಯ ಮೊಹರು ಹಾಕಿಸಿದೆ. ವಿಮಾನ ನಿಲ್ದಾಣದಲ್ಲಿ ಒಬ್ಬರು ಅದನ್ನು ಓದಿ ಅವಳನ್ನು ಪಕ್ಕಕ್ಕೆ ಕರೆದರಂತೆ. ಅಪ್ಪನ ಒಪ್ಪಿಗೆ ಯಾಕಿಲ್ಲ ಎಂದರಂತೆ. "ಅದರಲ್ಲೇ ಬರೆದಿದೆ ಸಾರ್. ಇನ್ನೂ ಬೇಕಾದ್ರೆ ನಮ್ಮಮ್ಮನಿಗೆ ಫೋನ್ ಮಾಡಿ, ಅವ್ರು ಎಲ್ಲ ಹೇಳ್ತಾರೆ," ಎಂದು ಶಾಲೆಯ ನಂಬರು ಕೊಟ್ಟಳಂತೆ. ಅವರು ಫೋನು ಮಾಡಲಿಲ್ಲ, ಬಿಟ್ಟರು. ಮೇಷ್ಟ್ರು ಇದನ್ನು ಹೇಳುವಾಗ ಹೆದರಿಕೆ ಅವರ ದನಿಯಲ್ಲಿ ಇನ್ನೂ ಇತ್ತು.

ಪದಕ ಬರಲಿಲ್ಲ. ಕೊನೆಯ ಆಸನದಲ್ಲಿ ಕಾಲು ಅಲುಗಿತಂತೆ. ಕೊಲಂಬೊದಲ್ಲಿ ಎಲ್ಲದಕ್ಕೂ ತೆಂಗಿನಕಾಯಿ ಹಾಕುತ್ತಾರೆ, ಸಮುದ್ರ ನಮ್ಮ ಮಂಗಳೂರಿನದಕ್ಕಿಂತ ನೀಲಿ, ಒಬ್ಬಳು ಚೀನಾದ ಹುಡುಗಿ ತನ್ನ ಜಡೆಯ ರಿಬ್ಬನ್ ಕೊಟ್ಟು ಇವಳದನ್ನು ತೆಗೆದುಕೊಂಡಳು ಎಂದು ಎರಡು ದಿನ ಬಾಯಿ ಮುಚ್ಚದೆ ಹೇಳಿದಳು. ಅಣ್ಣ ಬಂದು, "ಇಷ್ಟೆಲ್ಲ ರಂಪ ಮಾಡಿ ಕಳಿಸಿದ್ಯಲ್ಲ, ಬಂದಿದ್ದೆಂತ?" ಎಂದ. ಬಂದದ್ದು ಮಗಳು ಎಂದೆ. ಗಡಿ ದಾಟಿ ಹೋದಳು, ಗಡಿ ದಾಟಿ ಮನೆಗೇ ಬಂದಳು.

ಅದೇ ವರ್ಷ, ಅರ್ಧವಾರ್ಷಿಕ ಪರೀಕ್ಷೆಯ ಹೊತ್ತಿಗೆ, ಗೋಣಿಬೀಡಿನಿಂದ ಒಬ್ಬ ಹೆಂಗಸು ಶಾಲೆಗೆ ಬಂದು ಮೈದಾನದ ಅಂಚಿನಲ್ಲಿ ನಿಂತಿದ್ದಳು. ನಾನು ಆಟ ನಿಲ್ಲಿಸಿ ಹತ್ತಿರ ಹೋದೆ. ಅವಳ ತಂಗಿ ಮಸ್ಕತ್ತಿನಲ್ಲಿ ನರ್ಸ್, ಬಾಣಂತನಕ್ಕೆ ಕರೆಸಿಕೊಳ್ಳುತ್ತಿದ್ದಾಳೆ. ಹೋಗಬೇಕೆಂದರೆ ಪುಟ್ಟ ಮಗನನ್ನೂ ಕರೆದೊಯ್ಯಬೇಕು. ಗಂಡ ಬಿಟ್ಟು ಬೇರೆ ಇದ್ದಾನೆ, ಸಹಿ ಕೊಡುವುದಿಲ್ಲ ಎನ್ನುತ್ತಾನೆ. ಇಷ್ಟು ಹೇಳುವಷ್ಟರಲ್ಲಿ ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಗಿದಿದ್ದಳು.

"ಟೀಚರೇ, ತಾಯಿ ಒಬ್ಬಳ ಸಹಿ ನಡೀತದೆ ಅಂತ ಯಾರೋ ಹೇಳಿದ್ರು. ಹೌದಾ?"

"ನಡೀತದೆ," ಎಂದೆ. "ತಡ ಆಗ್ತದೆ, ಬೈಸ್ಕೋಬೇಕಾಗ್ತದೆ. ಆದ್ರೆ ನಡೀತದೆ."

ಹುಡುಗಿಯರಿಗೆ ಆಡುತ್ತಿರಿ ಎಂದು ಹೇಳಿ, ಅವಳನ್ನು ಸ್ಟಾಫ್ ರೂಮಿಗೆ ಕರೆದುಕೊಂಡು ಹೋದೆ.